34 ಎಕರೆಯ ನೀರಿನ ಲೆಕ್ಕ

ಒಂದು ಎಕರೆ ನೆಲದ ಮೇಲೆ ಬರೀ ಒಂದು ಮಿಲಿಮೀಟರ್ ನೀರು ನಿಂತಿದೆ ಅಂದುಕೊಳ್ಳಿ. ಅಂಗಾಲು ಒದ್ದೆಯಾದರೆ ಹೆಚ್ಚು. ಅಳೆದರೆ ಅದು ಸುಮಾರು 4,000 ಲೀಟರ್. ಒಳ್ಳೆ ಬಿಸಿಲಿನ ದಿನ, ಹುಲುಸಾಗಿ ನಿಂತ ಬೆಳೆ ಮತ್ತು ಅದರ ಬುಡದ ಮಣ್ಣು ಸೇರಿ 5 ಮಿಲಿಮೀಟರಿನಷ್ಟು ನೀರನ್ನು ಆವಿ ಮಾಡಿ ಗಾಳಿಗೆ ಬಿಡುತ್ತವೆ. ಎಕರೆಗೆ ದಿನಕ್ಕೆ 20,000 ಲೀಟರ್ ಆಯಿತು. ಇಪ್ಪತ್ತು ಸಾವಿರ ಬಾಟಲಿ!

ಈ ಲೆಕ್ಕ ಹಾಕಿದ ಮೇಲೆ, ಬಾಟಲಿ ನೀರಿನ ಕಂಪನಿಗಳ ಮೇಲೆ ನನಗಿದ್ದ ಸಿಟ್ಟನ್ನೂ ಒಮ್ಮೆ ತಕ್ಕಡಿಗೆ ಹಾಕಬೇಕಾಯಿತು.

2015ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಬರದಲ್ಲಿ ಬೇಯುತ್ತಿತ್ತು. ಆಗಲೇ ಒಂದು ಸುದ್ದಿ ಹೊರಬಿತ್ತು. ಸ್ಯಾನ್ ಬರ್ನಾರ್ಡಿನೋ ಎಂಬ ಸರ್ಕಾರಿ ಕಾಡಿನ ಬೆಟ್ಟದಿಂದ ನೆಸ್ಲೆ ಕಂಪನಿ ಪೈಪ್ ಹಾಕಿ ನೀರು ಒಯ್ಯುತ್ತಿತ್ತು. ಆ ಪೈಪಿನ ಪರವಾನಗಿಯ ಅವಧಿ 1988ರಲ್ಲೇ ಮುಗಿದಿತ್ತು. ಅರಣ್ಯ ಇಲಾಖೆಗೆ ಕಟ್ಟುತ್ತಿದ್ದ ಶುಲ್ಕ ವರ್ಷಕ್ಕೆ 524 ಡಾಲರ್. ಜನ ರೊಚ್ಚಿಗೆದ್ದರು.

ಆ ವರ್ಷ ಕಂಪನಿ ಒಯ್ದದ್ದು ಸುಮಾರು 13.6 ಕೋಟಿ ಲೀಟರ್. ದೊಡ್ಡ ಸಂಖ್ಯೆ ಅಲ್ವಾ? ಈಗ ಅದೇ ರಾಜ್ಯದ ಬಾದಾಮಿ ತೋಟ ನೋಡಿ. ಒಂದು ಎಕರೆಗೆ ವರ್ಷಕ್ಕೆ ಹೆಚ್ಚುಕಡಿಮೆ 48 ಲಕ್ಷ ಲೀಟರ್ ಬೇಕು. ಭಾಗಿಸಿದರೆ ಕಂಪನಿ ಒಯ್ದ ನೀರು 28 ಎಕರೆ ಬಾದಾಮಿಗೆ ಸಾಕಾಗುತ್ತದೆ, ಅಷ್ಟೇ. ಅಲ್ಲಿ ಬಾದಾಮಿ ತೋಟ ಇರುವುದು 10 ಲಕ್ಷ ಎಕರೆಗೂ ಜಾಸ್ತಿ. ಜಗತ್ತಿನ ಮಟ್ಟದಲ್ಲೂ ಹೀಗೇ. ಮನುಷ್ಯರು ನದಿ, ಕೆರೆ, ನೆಲದಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು 70% ಹೋಗುವುದು ಬೇಸಾಯಕ್ಕೆ.

ಹಾಗಾದರೆ ಜನರ ಗಲಾಟೆ ಸುಮ್ನೆನಾ? ಅಲ್ಲ. ನೀರಿನ ವಿಷಯದಲ್ಲಿ ಎಷ್ಟು ತೆಗೆದರು ಅನ್ನುವುದಕ್ಕಿಂತ ಎಲ್ಲಿ ತೆಗೆದರು ಅನ್ನುವುದು ಕೆಲವೊಮ್ಮೆ ದೊಡ್ಡದು. ದೂರದ ಬಯಲಿನ ಬಾದಾಮಿ ತೋಟ ಬಂದ್ ಮಾಡಿದರೆ ಈ ಬೆಟ್ಟದ ಸ್ಟ್ರಾಬೆರಿ ಎಂಬ ಹೆಸರಿನ ಹಳ್ಳಕ್ಕೆ ಒಂದು ಹನಿಯೂ ಬರುವುದಿಲ್ಲ. ರಾಜ್ಯದ ಲೆಕ್ಕದಲ್ಲಿ ಚಿಲ್ಲರೆ ಅನ್ನಿಸುವ ನೀರೇ ಆ ಹಳ್ಳಕ್ಕೆ ಇಡೀ ಆಸ್ತಿ.

ನೆಲದೊಳಗೂ ಇದೇ ಕಥೆ. ಅಂತರ್ಜಲ ಅಂದ ತಕ್ಷಣ ಅನೇಕರ ಕಣ್ಣಿಗೆ ಬರುವುದು ನೆಲದಡಿಯ ಒಂದು ಕೆರೆ. ಹಾಗೇನೂ ಇಲ್ಲ. ನೀರು ಇರುವುದು ಮರಳಿನ ಸಂದಿಯಲ್ಲಿ, ಬಂಡೆಯ ಬಿರುಕಿನಲ್ಲಿ. ಅಲ್ಲಿ ಅದು ಬಹಳ ನಿಧಾನಕ್ಕೆ ಹರಿಯುತ್ತದೆ. ಒಂದು ಕಡೆ ಜೋರಾಗಿ ಪಂಪ್ ಮಾಡಿದರೆ ಸುತ್ತಲಿನ ನೀರು ಅಷ್ಟು ಬೇಗ ಬಂದು ಜಾಗ ತುಂಬುವುದಿಲ್ಲ. ಹಾಗಾಗಿ ಕೊಳವೆಬಾವಿಯ ಸುತ್ತ ನೀರಿನ ಮಟ್ಟ ಆಲಿಕೆಯ ಆಕಾರದಲ್ಲಿ ಕುಸಿಯುತ್ತದೆ. ನಡುವೆ ಆಳ, ಅಂಚಿಗೆ ಹೋದಂತೆ ಕಡಿಮೆ. ಪಂಪ್ ಓಡಿದಷ್ಟೂ ಆಲಿಕೆ ಅಗಲವಾಗುತ್ತದೆ. ಅದರ ಅಂಚು ಪಕ್ಕದ ಮನೆಯ ಬಾವಿಯನ್ನು ಮುಟ್ಟಿದ ದಿನ ಆ ಬಾವಿಯ ನೀರು ಇಳಿಯಲು ಶುರು. ಪಂಪ್ ಇರುವುದು ಕಾರ್ಖಾನೆಯಲ್ಲೋ ತೋಟದಲ್ಲೋ, ಆಲಿಕೆಗೆ ಏನು ಗೊತ್ತು!

ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ ಈ ಎರಡೂ ಲೆಕ್ಕ ಎದುರುಬದುರಾದವು. 2000ದಲ್ಲಿ ಅಲ್ಲಿ ಕೋಕಾಕೋಲಾದ ಕಾರ್ಖಾನೆ ಶುರುವಾಯಿತು. ಸ್ವಲ್ಪ ಕಾಲದಲ್ಲೇ ಸುತ್ತಲಿನ ಬಾವಿಗಳ ನೀರು ಕಡಿಮೆಯಾಯಿತು, ಕುಡಿಯಲು ಬಾರದ ಹಾಗೆ ಕೆಟ್ಟಿತು ಎಂದು ಜನ ದೂರಿದರು. 2003ರಲ್ಲಿ ಪೆರುಮಾಟ್ಟಿ ಪಂಚಾಯಿತಿ ಲೈಸೆನ್ಸ್ ಮುಂದುವರಿಸಲು ಒಪ್ಪಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು. ಆ ವರ್ಷದ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ, ಅಂತರ್ಜಲ ಜನರ ಸೊತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ ಎಂದಿತು. ಕಂಪನಿಗೆ ಎಷ್ಟು ನೀರು ಸಿಗಬೇಕು ಎಂಬುದಕ್ಕೆ ಅದು ಕೊಟ್ಟ ಅಳತೆ ನನಗೆ ತುಂಬ ಇಷ್ಟ. 34 ಎಕರೆ ಜಮೀನಿನ ಬೆಳೆಗೆ ಸಾಮಾನ್ಯವಾಗಿ ಎಷ್ಟು ನೀರು ಹಾಯಿಸುತ್ತಾರೋ ಅಷ್ಟು.

2005ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನು ತಿರುಗಿಸಿತು. ಜಮೀನಿನ ಮಾಲೀಕನಿಗೆ ಅಡಿಯ ನೀರಿನ ಮೇಲೂ ಹಕ್ಕಿದೆ ಎಂದು, ದಿನಕ್ಕೆ 5 ಲಕ್ಷ ಲೀಟರಿನವರೆಗೆ ಅವಕಾಶ ಕೊಟ್ಟಿತು. ನಮ್ಮ 20,000ದ ಲೆಕ್ಕದಲ್ಲಿ ಅದು 25 ಎಕರೆ ಬೆಳೆಯ ಒಂದು ಬಿಸಿಲು ದಿನದ ಬಾಯಾರಿಕೆ. 34 ಎಕರೆಗೆ ಹಿಡಿದರೆ 6.8 ಲಕ್ಷ ಲೀಟರ್! ಕಂಪನಿಯನ್ನು ಕಟ್ಟಿಹಾಕಲು ತಂದ ಅಳತೆಯೇ ಬೇಸಿಗೆಯ ದಿನ ಹೆಚ್ಚು ಉದಾರ. ಆದರೆ ಬೆಳೆಗೆ ಮಳೆಗಾಲ ಉಂಟು, ಕೊಯ್ಲು ಉಂಟು. ಗದ್ದೆಗೆ ಹಾಯಿಸಿದ ನೀರಿನಲ್ಲಿ ಒಂದು ಪಾಲು ಬಸಿದು ಮತ್ತೆ ನೆಲ ಸೇರುತ್ತದೆ. ಕಾರ್ಖಾನೆಯ ಪಂಪಿಗೆ ಮಳೆಗಾಲ ಇಲ್ಲ, ಮುಚ್ಚಳ ಹಾಕಿದ ಬಾಟಲಿ ಲಾರಿ ಹತ್ತಿ ಊರು ಬಿಡುತ್ತದೆ. ಕಾರ್ಖಾನೆ 2004ರಲ್ಲೇ ನಿಂತಿತ್ತು. ಮತ್ತೆ ತೆರೆಯಲೇ ಇಲ್ಲ.

ಇಲ್ಲಿ ಮುಜುಗರದ ಮಾತೊಂದಿದೆ. ನೆಲ ನನ್ನದು, ಅಡಿಯ ನೀರೂ ನನ್ನದು ಎಂಬ ವಾದ ಕಂಪನಿಯದು ಮಾತ್ರ ಅಲ್ಲ. ಭಾರತದಲ್ಲಿ 1882ರ ಒಂದು ಕಾಯ್ದೆಯ ಆಸರೆ ಅದಕ್ಕಿದೆ, ಪ್ರತಿ ಕೊಳವೆಬಾವಿಯೂ ಅದೇ ನೆರಳಿನಲ್ಲಿ ನಿಂತಿದೆ. ದೇಶದಲ್ಲಿ ಮೇಲೆತ್ತುವ ಅಂತರ್ಜಲದಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ನೀರಾವರಿಗೆ. ನೀರು ಜನರ ಸೊತ್ತು ಎಂದು ಕಾರ್ಖಾನೆಯ ಗೇಟಿನ ಮುಂದೆ ಕೂಗುವುದು ಸುಲಭ. ತೋಟದ ಪಂಪ್ ಮನೆಗೆ ಮೀಟರ್ ಹಿಡಿದು ಹೋಗಲು ಹೆಚ್ಚಿನ ಸರ್ಕಾರಗಳಿಗೆ ಧೈರ್ಯ ಸಾಲುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲೂ ಅಂತರ್ಜಲಕ್ಕೆ ರಾಜ್ಯಮಟ್ಟದ ಕಾನೂನು ಬಂದದ್ದು 2014ರಲ್ಲಿ. ನೀರು ತೀರಾ ಬಸಿದುಹೋದ ಪ್ರದೇಶಗಳು ಲೆಕ್ಕ ಸರಿದೂಗಿಸಲು 2040ರವರೆಗೆ ಗಡುವು. ಬಾದಾಮಿ ಮರದ ಫಸಲಿನ ಆಯುಸ್ಸು ಸುಮಾರು 25 ವರ್ಷ. ಕಾನೂನು ಬಂದ ವರ್ಷ ನೆಟ್ಟ ಸಸಿ ಗಡುವು ಮುಗಿಯುವ ಹೊತ್ತಿಗೆ ತನ್ನ ಪಾಲಿನ ನೀರೆಲ್ಲ ಕುಡಿದು, ಕಡಿಯುವ ವಯಸ್ಸಿಗೆ ಬಂದಿರುತ್ತದೆ.