ಸಕ್ಕರೆ ಎಷ್ಟು ಹಾಕಲಿ, ಅಮ್ಮಾ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಹೆತ್ತ ಮಕ್ಕಳಿಂದಲೇ ಬೈಗುಳ, ಏಟು ತಿಂದು ಮೂಲೆ ಹಿಡಿದ ಹಿರಿಯರು ಮಾತು ಬಿಟ್ಟರೆ ಜನ ಈ ಗಾದೆ ಹೇಳಿ ಕೈತೊಳೆದುಕೊಳ್ಳುತ್ತಾರೆ. ಕೆಲವರು ಪೂರ್ವಜನ್ಮದ ಕರ್ಮ ಎನ್ನುತ್ತಾರೆ. ಖಿನ್ನತೆ ಎಷ್ಟೋ ಸಲ ಮರೆವಿನ ವೇಷದಲ್ಲಿ ಬರುತ್ತದೆ, ಅದಕ್ಕೆ ಎಂಬತ್ತರಲ್ಲೂ ಚಿಕಿತ್ಸೆ ಇದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ನಮ್ಮ ಬೀದಿಯ ಅಜ್ಜಿಯೊಬ್ಬರು ಮಗನ ಮನೆಯಿಂದ ಮಗಳ ಮನೆಗೆ ಬಂದರು. ಪಿಂಚಣಿಯ ಪಾಸ್‌ಬುಕ್ಕನ್ನು ಮಗ ವರ್ಷಗಟ್ಟಲೆ ತನ್ನಲ್ಲೇ ಇಟ್ಟುಕೊಂಡಿದ್ದ. ಮಗಳು ‘ಕಾಫಿಗೆ ಸಕ್ಕರೆ ಎಷ್ಟು ಹಾಕಲಿ, ಅಮ್ಮಾ?’ ಎಂದರೆ ‘ನೀನು ಹಾಕಿದಷ್ಟು’ ಎನ್ನುತ್ತಿದ್ದರು. ಕಣ್ಣು ನೆಲದ ಮೇಲೇ ಇರುತ್ತಿತ್ತು.

1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಒಂದು ಕ್ರೂರ ಪ್ರಯೋಗವನ್ನು ವರದಿ ಮಾಡಿದರು. ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತ ಅನುಭವಿಸಿದ್ದ ನಾಯಿಗಳಲ್ಲಿ ಹಲವು, ಮುಂದೆ ಗಿಡ್ಡ ತಡೆ ಹಾರಿದರೆ ಪಾರಾಗುವಂತಿದ್ದಾಗಲೂ ಬಿದ್ದಲ್ಲೇ ಬಿದ್ದಿದ್ದವು. ‘ಕಲಿತ ಅಸಹಾಯಕತೆ’ ಎಂದು ಹೆಸರಾಯಿತು. 2016ರಲ್ಲಿ ಅದೇ ಇಬ್ಬರು ತಮ್ಮ ಮಾತನ್ನೇ ತಿರುವಿಹಾಕಿದರು! ದೀರ್ಘ ಸಂಕಟದಲ್ಲಿ ಮುದುಡುವುದು ಮಿದುಳಿನ ಸಹಜ ಗುಣ. ಕಲಿಯಬೇಕಾದದ್ದು ‘ಇದು ನನ್ನ ಕೈಯಲ್ಲಿದೆ’ ಎಂಬುದನ್ನು.

ಮಿದುಳುಕಾಂಡದ ಡಾರ್ಸಲ್ ರಾಫೆ ಎಂಬ ನರಕೋಶಗಳ ಗುಂಪನ್ನು ಕೆರೆಯ ತೂಬು ಎಂದುಕೊಳ್ಳಿ. ಸಂಕಟ ಎರಗಿದರೆ ತೂಬು ತಾನೇ ತೆರೆದು ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ನುಗ್ಗುತ್ತದೆ, ಕೈಕಾಲು ಸೋಲುತ್ತವೆ. ತೂಬು ಮುಚ್ಚುವ ನೀರುಗಂಟಿ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್. ‘ನಾನು ಮಾಡಿದ್ದರಿಂದ ಏನೋ ಬದಲಾಯಿತು’ ಎಂಬ ಸುದ್ದಿ ತಲುಪಿದರಷ್ಟೇ ಅವನು ಏಳುತ್ತಾನೆ. ಇಳಿಜಾರಿನ ಗಾಡಿಯೂ ಹೀಗೆಯೇ: ಉರುಳುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ, ಬ್ರೇಕು ಒತ್ತುವ ಕಾಲು ಬೇಕು. ತೂಬಿನ ಈ ಲೆಕ್ಕ ಸಿಕ್ಕಿದ್ದು ಇಲಿಗಳಲ್ಲಿ. ಆದರೆ 1976ರಲ್ಲೇ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಕನೆಕ್ಟಿಕಟ್‌ನ ವೃದ್ಧಾಶ್ರಮವೊಂದರ ಒಂದು ಮಹಡಿಯವರಿಗೆ ಕುಂಡದ ಗಿಡವನ್ನು ಆರಿಸಿಕೊಳ್ಳಲು, ತಾವೇ ನೀರೆರೆಯಲು ಬಿಟ್ಟಿದ್ದರು; ಇನ್ನೊಂದು ಮಹಡಿಯಲ್ಲಿ ಆ ಕೆಲಸ ದಾದಿಯರದು. ಮೂರು ವಾರದಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿದ್ದರು, ಲವಲವಿಕೆಯಿಂದಿದ್ದರು.

ಆದ್ದರಿಂದಲೇ ‘ನೀವು ಸುಮ್ಮನೆ ಕೂತಿರಿ, ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂಬ ಅಕ್ಕರೆ ನನಗೆ ಭಯ ಹುಟ್ಟಿಸುತ್ತದೆ. ಮೊದಲು ಹಿಂಸೆ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಹಿರಿಯರ ಸಹಾಯವಾಣಿ 14567 ಇದೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಆದರೆ ದೂರು ಕೊಡಬೇಕೇ, ಮಗನನ್ನು ಮತ್ತೆ ನೋಡಬೇಕೇ ಎಂಬುದನ್ನು ಆ ಜೀವವೇ ಹೇಳಲಿ. ನಾವು ಕಾಯೋಣ, ಮತ್ತೆ ಕೇಳೋಣ.

ಆ ಮಗಳು ಕೇಳುತ್ತಲೇ ಹೋದಳು. ಇಂದು ಯಾವ ಸೀರೆ, ಹುಳಿಗೆ ಯಾವ ತರಕಾರಿ, ಕಿಟಕಿ ತೆರೆಯಲೇ. ಪಾಸ್‌ಬುಕ್ಕು ಅಜ್ಜಿಯ ಟ್ರಂಕಿಗೆ ಬಂತು, ಬೀಗದ ಕೈ ಅವರ ಸೆರಗಿನ ತುದಿಗೆ. ತಿಂಗಳುಗಳು ಕಳೆದ ಮೇಲೆ ನಾನು ಹೋದಾಗ ಅಜ್ಜಿ ಲೋಟ ಕೆಳಗಿಟ್ಟು ಮಗಳನ್ನು ನೇರವಾಗಿ ನೋಡಿದರು. ‘ಸಕ್ಕರೆ ಜಾಸ್ತಿಯಾಯಿತು ಕಣೇ’ ಎಂದರು.