ಆಟಿಸಂ ಇರುವ ಮಗು ಹೈಸ್ಕೂಲಿಗೆ ಬಂದಾಗ: ಪರೀಕ್ಷೆಗೊಂದು ಕಾಗದವಿದೆ, ಪಾಠದ ದಿನಕ್ಕಿಲ್ಲ

1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಹೆಸರಿಸಿತ್ತು: ಅಂಧತ್ವ, ಮಂದದೃಷ್ಟಿ, ಗುಣವಾದ ಕುಷ್ಠ, ಶ್ರವಣದೋಷ, ಚಲನವೈಕಲ್ಯ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ. ಆಟಿಸಂ, ಅಂದರೆ ಸ್ವಲೀನತೆ, ಜನರೊಡನೆ ಬೆರೆಯುವ ಮತ್ತು ಸುತ್ತಲಿನದನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವ ಸ್ಥಿತಿ, ಆ ಪಟ್ಟಿಯಲ್ಲಿ ಇರಲಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಬುದ್ಧಿಮಾಂದ್ಯದ ಹೆಸರಿನಲ್ಲಿ ಮಾಡಿಸಿಕೊಳ್ಳಬೇಕಿತ್ತು. ಲೆಕ್ಕದಲ್ಲಿ ಚುರುಕಾಗಿದ್ದು ಜನರ ನಡುವೆ ಮಾತ್ರ ತಡವರಿಸುವ ಮಗುವಿಗೆ ಐಕ್ಯೂ ಪರೀಕ್ಷೆಯಲ್ಲಿ ಅಂಕ ಚೆನ್ನಾಗಿ ಬಂದರೆ ಆ ದಾರಿಯೂ ಮುಚ್ಚಿತು.

ಕಾನೂನಿನಲ್ಲಿ ಆಟಿಸಂ ಎಂಬ ಪದಕ್ಕೆ ಜಾಗ ಸಿಕ್ಕಿದ್ದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ. ಆದರೆ ಆ ಕಾಯ್ದೆ ಹುಟ್ಟಿದ್ದು ‘ನಮ್ಮ ಕಾಲದ ನಂತರ ಇವನನ್ನು ನೋಡಿಕೊಳ್ಳುವವರು ಯಾರು’ ಎಂಬ ಹೆತ್ತವರ ಚಿಂತೆಯಿಂದ. ಅದರ ಮುಖ್ಯ ಕೆಲಸ ಪಾಲಕತ್ವದ ವ್ಯವಸ್ಥೆ. ಶಾಲೆ ಅದರ ವಿಷಯವೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅಂಗವೈಕಲ್ಯದ ವ್ಯಾಖ್ಯೆಗೆ 1995ರ ಪಟ್ಟಿಯನ್ನೇ ನೆಚ್ಚಿಕೊಂಡಿತು. ಆಟಿಸಂ ಮತ್ತೆ ಹೊರಗುಳಿಯಿತು. 2012ರ ತಿದ್ದುಪಡಿ ಅದನ್ನು ಒಳಗೆ ತಂದಿತೇನೋ ನಿಜ, ಆದರೆ ಆ ಕಾಯ್ದೆಯ ಹಕ್ಕು 14 ವರ್ಷಕ್ಕೆ, ಎಂಟನೇ ತರಗತಿಗೆ ಮುಗಿಯುತ್ತದೆ. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟನೇ ತರಗತಿಯಲ್ಲಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಅದು ಕೊಟ್ಟಿತು. ಕಾಗದದ ಮೇಲೆ ಹೈಸ್ಕೂಲಿನ ಆಟಿಸಂ ಮಗು ಹಕ್ಕುದಾರನಾದದ್ದು ಹೀಗೆ, ತೀರಾ ಇತ್ತೀಚೆಗೆ. ಆದರೆ ಪಾಠ ಹೇಳಲು ಜನ ಎಲ್ಲಿ? ವಿಶೇಷ ಶಿಕ್ಷಕರ ಕೊರತೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರ ತೀರ್ಪಿನ ಬೆನ್ನಿಗೆ 2022ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ಒಂದು ಲೆಕ್ಕ ಸೇರಿತು: 1ರಿಂದ 5ನೇ ತರಗತಿವರೆಗೆ ಇಂಥ 10 ಮಕ್ಕಳಿಗೊಬ್ಬರು, 6ರಿಂದ 8ರವರೆಗೆ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರು. ಮತ್ತೆ ಎಂಟಕ್ಕೇ ಗೆರೆ. ಸರ್ಕಾರಿ ಹೈಸ್ಕೂಲಿಗೆ ದಕ್ಕುವುದು ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು, ಬಿಐಇಆರ್‌ಟಿ ಎಂದು ಕರೆಯುತ್ತಾರಲ್ಲ, ಅವರು. ಒಂದು ತಾಲ್ಲೂಕಿನ ಶಾಲೆಗಳೆಲ್ಲ ಅವರ ಹೆಗಲ ಮೇಲಿರುವಾಗ ಒಂದೊಂದು ಶಾಲೆಗೆ ಎಷ್ಟು ಸಲ ಬಂದಾರು?

ಇದರ ಬೇರು ಇನ್ನೂ ಹಿಂದಿದೆ. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳ ಸಮಗ್ರ ಶಿಕ್ಷಣ ಯೋಜನೆ ತಂದಾಗ ನೆರವೆಂದರೆ ಕೈಗೆ ಕೊಡಬಹುದಾದ ವಸ್ತು: ಶ್ರವಣ ಸಾಧನ, ಬ್ರೈಲ್ ಪುಸ್ತಕ, ಪ್ರಯಾಣ ಭತ್ಯೆ. ಆಮೇಲೆ ರ‍್ಯಾಂಪ್ ಬಂತು. ಪರೀಕ್ಷೆಯಲ್ಲಿ ಕೊಡುವ ಲಿಪಿಕಾರ (ಮಗು ಹೇಳಿದ್ದನ್ನು ಬರೆಯುವವರು), ಹೆಚ್ಚುವರಿ ಸಮಯ ಎರಡೂ ಕಣ್ಣು, ಕೈಗಳ ತೊಂದರೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಡುಗಳು. ಆಟಿಸಂ ಇರುವ ಹದಿಹರೆಯದವರಿಗೆ ಬೇಕಾದದ್ದು ಬೇರೆ: ಮುಂದೇನು ನಡೆಯುತ್ತದೆ ಎಂಬ ಖಾತ್ರಿ, ಕಡಿಮೆ ಸದ್ದು, ನೇರ ಮಾತು. ಇವನ್ನು ಖರೀದಿಸಿ ಹಂಚಲಾಗದು. 2016ರ ಕಾಯ್ದೆಯಲ್ಲಿ ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂಬ ಮಾತಿದೆ. ಆದರೆ ಅದಕ್ಕೊಂದು ನಮೂನೆ ಇಲ್ಲ, ನಮೂನೆ ಇಲ್ಲದ ಕೆಲಸ ನಮ್ಮ ಕಚೇರಿಗಳಲ್ಲಿ ಮುಂದೆ ಸಾಗುವುದಿಲ್ಲ. ಹಾಗಾಗಿ ಹತ್ತನೇ ತರಗತಿಯ ಪರೀಕ್ಷೆಗೆ ನಿಯಮವಿದೆ. ಅದಕ್ಕೆ ಮೊದಲಿನ ಮೂರು ವರ್ಷಕ್ಕೆ ಏನೂ ಇಲ್ಲ.

‘ಮಾತಾಡ್ತಾನಲ್ಲ, ಅವನಿಗೆಂಥ ಆಟಿಸಂ’ ಎಂಬ ಪ್ರಶ್ನೆ ಸ್ಟಾಫ್‌ರೂಮಿನಲ್ಲಿ ಈಗಲೂ ಏಳುತ್ತದೆ. ಅದಕ್ಕೂ ಚರಿತ್ರೆಯಿದೆ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಮೊದಲ್ಗೊಂಡು ದಶಕಗಳ ಕಾಲ ಆಟಿಸಂ ಎಂದರೆ ಪುಟ್ಟ ಮಕ್ಕಳ ಸ್ಥಿತಿ ಎಂದೇ ತಿಳಿದಿದ್ದರು. 1980ರ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದರ ಹೆಸರೇ ‘ಶೈಶವದ ಆಟಿಸಂ’. ಚೆನ್ನಾಗಿ ಮಾತಾಡುವವರಿಗೆ 1994ರಲ್ಲಿ ಆಸ್ಪರ್ಗರ್ ಎಂಬ ಬೇರೆ ಹೆಸರು ಬಂತು. 2013ರಲ್ಲಿ ಎಲ್ಲವನ್ನೂ ಒಂದೇ ಹೆಸರಿನಡಿ ತಂದರು. ಇಂದು ಪಾಠ ಮಾಡುತ್ತಿರುವ ಎಷ್ಟೋ ಶಿಕ್ಷಕರು ಬಿ.ಇಡಿ ಓದಿದ್ದು ಇದಕ್ಕೆ ಮೊದಲು.

ನಮ್ಮಲ್ಲಿ ಪ್ರಮಾಣಪತ್ರಕ್ಕೆ ಬಳಸುವ ಅಳತೆಗೋಲು ಐಎಸ್ಎಎ, ಅಂದರೆ ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ. ಅದರಲ್ಲಿ 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದು ಲೆಕ್ಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಎಡವುವುದು ಎಲ್ಲಿ ಎಂದರೆ, ಹದಿಮೂರು ಹದಿನಾಲ್ಕರ ಹೊತ್ತಿಗೆ ಕೆಲವರು, ಅದರಲ್ಲೂ ಹುಡುಗಿಯರು, ಗೆಳತಿಯರನ್ನು ನೋಡಿ ನಗಬೇಕಾದಲ್ಲಿ ನಗುವುದನ್ನು ಕಲಿತಿರುತ್ತಾರೆ. ಆಸ್ಪತ್ರೆಯ ಕೊಠಡಿಯಲ್ಲಿ ಅರ್ಧ ಗಂಟೆ ಚೆನ್ನಾಗಿಯೇ ನಡೆದುಕೊಳ್ಳುತ್ತಾರೆ, ಅಂಕ ಇಳಿಯುತ್ತದೆ. ಅದಕ್ಕೇ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಮೂರು ವಾರದ ದಿನಚರಿ ಬರೆದುಕೊಂಡು ಹೋಗಿ: ಶಾಲೆಯಿಂದ ಬಂದ ಮೇಲೆ ಎಷ್ಟು ಹೊತ್ತು ಬಾಗಿಲು ಹಾಕಿಕೊಂಡಳು, ಏನನ್ನು ತಿನ್ನಲಿಲ್ಲ, ಯಾವ ಬದಲಾವಣೆಗೆ ಅತ್ತಳು. ಕ್ಲಾಸ್ ಟೀಚರ್ ಬರೆದುಕೊಟ್ಟ ಒಂದು ಪುಟವಿದ್ದರೆ ಇನ್ನೂ ಒಳ್ಳೆಯದು.

ಇನ್ನು ಶಾಲೆಯ ದಿನ. ಪ್ರೈಮರಿಯಲ್ಲಿ ಒಬ್ಬಿಬ್ಬರು ಮೇಡಂ ಇಡೀ ದಿನ ಜೊತೆಗಿರುತ್ತಾರೆ, ಮಗುವಿನ ರೀತಿ ಅವರಿಗೆ ಗೊತ್ತಿರುತ್ತದೆ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬರು, ಪ್ರತಿಯೊಬ್ಬರಿಗೂ ಬೇರೆ ಬೇರೆ ಶಿಸ್ತು. ಕನ್ನಡ ಮೇಷ್ಟ್ರು ರಜೆ ಹಾಕಿದರೆ ಪಿಟಿ ಮೇಷ್ಟ್ರು ಬರುತ್ತಾರೆ. ಉಳಿದವರಿಗೆ ಅದು ಹಬ್ಬ, ಇವನಿಗೆ ಆ ದಿನವೇ ತಲೆಕೆಳಗು. ಹೋಮ್‌ವರ್ಕ್ ಹೇಳುವುದು ಬೆಲ್ ಹೊಡೆದು ಎಲ್ಲರೂ ಬ್ಯಾಗಿಗೆ ಕೈಹಾಕಿದ ಮೇಲೆ. ಬಿಸಿಯೂಟದ ಕೋಣೆಯಲ್ಲಿ ಸ್ಟೀಲ್ ತಟ್ಟೆಗಳ ಸದ್ದು. ಗದ್ದಲ ಮಾಡುವ ತರಗತಿಗೆ ಮೇಷ್ಟ್ರು ‘ಮಾತಾಡಿ, ಇನ್ನೂ ಜೋರಾಗಿ ಮಾತಾಡಿ’ ಎಂದಾಗ ನಲವತ್ತು ಮಕ್ಕಳು ತೆಪ್ಪಗಾಗುತ್ತಾರೆ. ಒಬ್ಬ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಉದ್ಧಟತನ ಎಂದು ದೂರು ಹೋಗುತ್ತದೆ.

ಕೆಲಸ ಶುರುವಾಗಬೇಕಾದದ್ದು ಮೇ ತಿಂಗಳ ಕೊನೆಯಲ್ಲಿ, ಶಾಲೆ ಖಾಲಿಯಿದ್ದಾಗ. ಎರಡು ಸಲ ಕರೆದುಕೊಂಡು ಹೋಗಿ ಗೇಟಿನಿಂದ ತರಗತಿಗೆ, ತರಗತಿಯಿಂದ ಶೌಚಾಲಯಕ್ಕೆ ನಡೆಸಿ; ದಾರಿಯ ಫೋಟೊ ತೆಗೆದುಕೊಳ್ಳಲಿ. ಆಮೇಲೆ ಒಂದೇ ಪುಟದ ಪರಿಚಯ ಪತ್ರ. ರೋಗದ ವಿವರಣೆ ಅದರಲ್ಲಿ ಬೇಡ, ಯಾರೂ ಓದುವುದಿಲ್ಲ. ನಾಲ್ಕು ವಿಷಯ ಸಾಕು: ಏನು ಚೆನ್ನಾಗಿ ಬರುತ್ತದೆ, ಏನು ಕಷ್ಟ, ಕಷ್ಟವಾದಾಗ ಹೊರಗೆ ಹೇಗೆ ಕಾಣಿಸುತ್ತದೆ, ಆಗ ಏನು ಮಾಡಬೇಕು. ಪತ್ರ ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿ ಉಳಿದುಬಿಡುವುದೇ ಹೆಚ್ಚು. ಪ್ರತಿ ಶಿಕ್ಷಕರಿಗೂ ಒಂದು ಪ್ರತಿ, ಜೊತೆಗೆ ಬದಲಿ ಪಿರಿಯಡ್ ಹಂಚುವವರಿಗೊಂದು, ಪಿಟಿ ಮೇಷ್ಟ್ರಿಗೊಂದು, ಅಟೆಂಡರಿಗೂ ಒಂದು ತಲುಪಬೇಕು.

ಕೂರುವ ಜಾಗ ಎರಡನೇ ಸಾಲು, ಗೋಡೆಯ ಪಕ್ಕ. ಹಿಂದಿನಿಂದ ಯಾರೂ ತಳ್ಳಬಾರದು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನ್, ಮಿಣುಕುವ ಟ್ಯೂಬ್‌ಲೈಟ್ ಇರಬಾರದು. ವಾರಕ್ಕೊಮ್ಮೆ ಬೆಂಚು ಬದಲಿಸುವ ಪದ್ಧತಿಯಿದ್ದರೆ ಇವನನ್ನು ಬಿಟ್ಟುಬಿಡಿ. ಹೋಮ್‌ವರ್ಕನ್ನು ಪಿರಿಯಡ್ಡಿನ ಮೊದಲ ಐದು ನಿಮಿಷದಲ್ಲೇ ಬೋರ್ಡಿನ ಒಂದೇ ಮೂಲೆಯಲ್ಲಿ ಬರೆದರೆ ಲಾಭ ಇಡೀ ತರಗತಿಗೆ. ಪಿರಿಯಡ್ ಬದಲಾಗುವುದಿದ್ದರೆ ಪ್ರೇಯರ್ ಮುಗಿದ ಕೂಡಲೇ ಒಂದು ಚೀಟಿಯಲ್ಲಿ ಬರೆದುಕೊಡಿ, ಬಾಯಿಮಾತು ಸಾಲದು.

ಹೊರಹೋಗುವ ಕಾರ್ಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚು ಶಾಲೆಗಳು ಕೆಡಿಸುವುದು ಇದನ್ನೇ. ಲ್ಯಾಮಿನೇಟ್ ಮಾಡಿದ ಅಂಗೈಯಗಲದ ಕಾರ್ಡು. ಮಗು ಅದನ್ನು ಮೇಜಿನ ಮೇಲಿಟ್ಟು ಎದ್ದು ಹೋಗಬಹುದು. ಮೊದಲೇ ಗೊತ್ತುಮಾಡಿದ ಜಾಗದಲ್ಲಿ, ಲೈಬ್ರರಿಯ ಮೂಲೆಯೋ ಲ್ಯಾಬಿನ ಪಕ್ಕದ ಕೊಠಡಿಯೋ, ಹತ್ತು ನಿಮಿಷ ಕೂತು ಬರಬಹುದು. ಒಬ್ಬ ಶಿಕ್ಷಕರು ‘ಯಾಕೆ, ಏನಾಯ್ತು, ಕೂತ್ಕೋ’ ಎಂದು ಒಂದು ಸಲ ತಡೆದರೂ ಕಾರ್ಡು ಸತ್ತ ಹಾಗೆ. ಮಗು ಮತ್ತೆ ಅದನ್ನು ನಂಬುವುದಿಲ್ಲ. ಗಲಾಟೆ ಮಾಡಿದ್ದಕ್ಕೆ ಕಾರ್ಡು ಕಸಿದುಕೊಳ್ಳುವುದು ಇನ್ನೂ ಕೆಟ್ಟದ್ದು. ‘ಪಾಠ ತಪ್ಪಿಸಿಕೊಳ್ಳೋಕೆ ದಾರಿ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಮೊದಲ ಎರಡು ವಾರ ಮಿತಿ ಹಾಕಬೇಡಿ, ಯಾವ ಪಿರಿಯಡ್, ಎಷ್ಟು ಗಂಟೆ ಎಂದು ಬರೆದಿಡಿ. ಐದು ಸಲವೂ ಊಟದ ನಂತರದ ಸಮಾಜ ವಿಜ್ಞಾನದಲ್ಲೇ ಹೊರಬಂದಿದ್ದರೆ ಕಾರಣ ಸಮಾಜ ವಿಜ್ಞಾನವೇ ಆಗಬೇಕಿಲ್ಲ, ಊಟದ ಕೋಣೆಯ ಸದ್ದಿರಬಹುದು. ಹತ್ತು ನಿಮಿಷ ಮೊದಲು ಊಟ ಕೊಟ್ಟು ನೋಡಿ.

ಮಗು ಕೈಮೀರಿ ಕುಸಿದಾಗ, ಕಿರುಚಿದಾಗ, ಕಿವಿ ಮುಚ್ಚಿ ಬೆಂಚಿನಡಿ ಕೂತಾಗ, ಮೊದಲು ಉಳಿದ ಮಕ್ಕಳನ್ನು ಹೊರಗೆ ಕಳಿಸಿ. ಇವನನ್ನು ಎಳೆಯಬೇಡಿ. ಒಬ್ಬರೇ ಹತ್ತಿರವಿದ್ದು, ಮಾತು ಎರಡು ಪದಕ್ಕೆ ಇಳಿಸಿ: ‘ಇಲ್ಲೇ ಇದ್ದೀನಿ.’ ಮುಗಿದ ಕೂಡಲೇ ‘ಸಾರಿ ಕೇಳು’ ಎಂದರೆ ಇನ್ನೊಂದು ಸುತ್ತು ಶುರು. ಮಾತುಕತೆ ಮರುದಿನಕ್ಕಿರಲಿ, ಬರೆದು ಆದರೆ ಇನ್ನೂ ಒಳ್ಳೆಯದು. ಸಹಪಾಠಿಗಳ ನೆರವು ಬೇಕು, ಆದರೆ ‘ಒಳ್ಳೆ ಹುಡುಗಿ’ ಒಬ್ಬಳಿಗೇ ಉಸ್ತುವಾರಿ ವಹಿಸುವುದು ಇಬ್ಬರಿಗೂ ಅನ್ಯಾಯ. ಮೂರ್ನಾಲ್ಕು ಜನ ಸರದಿಯಲ್ಲಿ ಇರಲಿ.

ಪಾಠದಲ್ಲಿ ಕಷ್ಟ ಬರುವುದು ಎಲ್ಲರೂ ಅಂದುಕೊಳ್ಳುವ ಗಣಿತದಲ್ಲಲ್ಲ, ಬಹಳ ಸಲ ಕನ್ನಡದಲ್ಲಿ. ‘ಕೈ ಕೆಸರಾದರೆ ಬಾಯಿ ಮೊಸರು’ ಗಾದೆಯನ್ನು ವಿಸ್ತರಿಸಿ ಎಂದರೆ ಕೈ ತೊಳೆಯದೆ ಮೊಸರು ತಿಂದರೆ ಹೊಟ್ಟೆ ಕೆಡುತ್ತದೆ ಎಂದು ಬರೆದ ಮಗುವಿನ ತರ್ಕದಲ್ಲಿ ತಪ್ಪಿಲ್ಲ. ಅದಕ್ಕೆ ಚೌಕಟ್ಟು ಕೊಡಿ: ನೇರ ಅರ್ಥ ಒಂದು ವಾಕ್ಯ, ಒಳಗಿನ ಅರ್ಥ ಒಂದು ವಾಕ್ಯ, ಉದಾಹರಣೆ ಎರಡು ವಾಕ್ಯ, ಮುಕ್ತಾಯ ಒಂದು. ಇಪ್ಪತ್ತೈದು ಗಾದೆಗಳನ್ನು ಚೀಟಿಯ ಒಂದು ಬದಿ, ಒಳಾರ್ಥ ಇನ್ನೊಂದು ಬದಿ ಬರೆದು ಕಲಿಸಿದರೆ ಸಾಕಾಗುತ್ತದೆ. ಸಂದರ್ಭ ವಾಕ್ಯದಲ್ಲಿ ‘ಆಯ್ಕೆ’, ‘ಸಂದರ್ಭ’ ಸರಾಗ. ಜಾರುವುದು ‘ಸ್ವಾರಸ್ಯ’ದಲ್ಲಿ, ಏಕೆಂದರೆ ಅಲ್ಲಿ ಮಾತಾಡಿದವನ ಮನಸ್ಸನ್ನು ಊಹಿಸಬೇಕು. ಪ್ರತಿ ಪಾಠದ ಮುಖ್ಯ ಮಾತುಗಳ ಎದುರು ಭಾವದ ಹೆಸರು ಬರೆಸಿ: ಅಹಂಕಾರ, ಕರುಣೆ, ಪಶ್ಚಾತ್ತಾಪ, ಹಾಸ್ಯ. ‘ಈ ಮಾತಿನಲ್ಲಿ ಇವನ ಇಂಥ ಭಾವ ವ್ಯಕ್ತವಾಗಿದೆ’ ಎಂಬ ಒಂದು ವಾಕ್ಯ ಅಭ್ಯಾಸವಾದರೆ ಅಂಕ ಬರುತ್ತದೆ. ಪತ್ರಲೇಖನದ ಬಗ್ಗೆ ಚಿಂತೆ ಬೇಡ, ಅಲ್ಲಿ ಎಲ್ಲಕ್ಕೂ ನಿಗದಿತ ಜಾಗವಿದೆ.

ಪರೀಕ್ಷೆಯ ವಿನಾಯಿತಿಗೆ ಕೊನೆಗೆ ಬರೋಣ. ಕೇಂದ್ರದ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಹೇಳುತ್ತದೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಎಸ್ಸೆಸ್ಸೆಲ್ಸಿಗೆ ಅರ್ಜಿ ಹೋಗುವುದು ಮುಖ್ಯ ಶಿಕ್ಷಕರ ಮೂಲಕ, ಸರ್ಟಿಫಿಕೇಟ್ ಜೊತೆಗೆ. ಅದರ ಅವಧಿ ಮುಗಿಯುತ್ತದೆಯೇ ಎಂದು ಒಂಬತ್ತನೇ ತರಗತಿಯಲ್ಲೇ ನೋಡಿಕೊಳ್ಳಿ. ವಿಷಯ ಬಿಡುವ ಅವಕಾಶ ಸಿಕ್ಕಿತೆಂದು ಗಣಿತ, ವಿಜ್ಞಾನ ಬಿಟ್ಟರೆ ಪಿಯುಸಿಯಲ್ಲಿ ಆ ಕಡೆಯ ಬಾಗಿಲು ಮುಚ್ಚುತ್ತದೆ, ಮೊದಲೇ ಯೋಚಿಸಿ. ಲಿಪಿಕಾರರನ್ನು ಕೇಳುವ ಮುನ್ನವೂ ಅಷ್ಟೇ. ಬಾಯಲ್ಲಿ ಹೇಳಿ ಬರೆಸುವುದು ಬೇರೆಯದೇ ವಿದ್ಯೆ. ಅಪರಿಚಿತರ ಮುಂದೆ ಬಾಯಿ ಕಟ್ಟುವ ಮಗುವಿಗೆ ಅದು ಹೊರೆ. ಬೇಕೇಬೇಕಿದ್ದರೆ ಅರ್ಧವಾರ್ಷಿಕದಿಂದಲೇ ಲಿಪಿಕಾರರ ಜೊತೆ ಬರೆಯಲಿ, ಪೂರ್ವಸಿದ್ಧತಾ ಪರೀಕ್ಷೆಗೂ ಆ ವ್ಯಕ್ತಿಯೇ ಇರಲಿ. ಹಲವರಿಗೆ ಲಿಪಿಕಾರರಿಗಿಂತ ಪ್ರತ್ಯೇಕ ಕೊಠಡಿಯೇ ಹೆಚ್ಚು ಉಪಯೋಗ, ಅರ್ಜಿಯಲ್ಲಿ ಅದನ್ನು ಬೇರೆಯಾಗಿ ಬರೆಯಿರಿ. ಕೇಂದ್ರ ಬೇರೆ ಶಾಲೆಯಲ್ಲಿದ್ದರೆ ಪರೀಕ್ಷೆಗೆ ಮೊದಲೇ ಅನುಮತಿ ಕೇಳಿ ಹೋಗಿ ಕೊಠಡಿ, ಬೆಂಚು, ನೀರಿನ ನಲ್ಲಿ, ಶೌಚಾಲಯ ತೋರಿಸಿ. ಮೇ ತಿಂಗಳಲ್ಲಿ ತೆಗೆದ ಫೋಟೊಗಳ ಪಕ್ಕದಲ್ಲಿ ಇವೂ ಇರಲಿ.