72 ಅಳಿಸಿ 300 ಬರೆದರೆ ಫೋಟೊ ದೊಡ್ಡದಾಗದು

“ಸಾರ್, 300 ಡಿಪಿಐ ಮಾಡೇ ಕಳ್ಸಿದೀನಿ, ಆದ್ರೂ ಬ್ಲರ್ ಅಂತೀರಲ್ಲ?” ಲಗ್ನದ ಸೀಸನ್ ಬಂತೆಂದರೆ ಪ್ರಿಂಟಿಂಗ್ ಪ್ರೆಸ್ಸಿನ ಡಿಟಿಪಿ ಟೇಬಲ್ಲಿನ ಮುಂದೆ ಈ ಮಾತು ತಪ್ಪಿದ್ದಲ್ಲ. ಮಾಡಿದ್ದಾರೆ, ಸುಳ್ಳೇನಲ್ಲ. ಆದರೆ ಮಾಡಿದ್ದೇನು?

ಜೆಎಫ್‌ಐಎಫ್ ಮಾದರಿಯ ಜೆಪೆಗ್ ಫೈಲಿನ ಆರಂಭದಲ್ಲೇ ಈ ಡಿಪಿಐಗೆಂದು, ಅಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬ ಸಂಖ್ಯೆಗೆಂದು, ಅಡ್ಡಕ್ಕೆ ಎರಡು ಬೈಟ್, ಉದ್ದಕ್ಕೆ ಎರಡು ಬೈಟ್ ಜಾಗ ಇರುತ್ತದೆ. ಒಂದು ಬೈಟ್ ಎಂದರೆ ಸೊನ್ನೆ-ಒಂದುಗಳ ಎಂಟು ಮನೆ. 72 ಇದ್ದಾಗ ಅಲ್ಲಿ 00000000 01001000. 300 ಆದಾಗ 00000001 00101100. ಅಷ್ಟೇ. ಚಿತ್ರಕ್ಕೆ ಒಂದು ಪಿಕ್ಸೆಲ್ಲೂ, ಅಂದರೆ ಚಿತ್ರ ಮೂಡಿಸುವ ಒಂದು ಬಣ್ಣದ ಚುಕ್ಕಿಯೂ, ಸೇರಲಿಲ್ಲ. ಅದು ‘ಇಂಚಿಗೆ ಇಷ್ಟು ಪಿಕ್ಸೆಲ್ ಹಾಕು’ ಎಂದು ಬರೆದಿಟ್ಟ ಚೀಟಿ. 600 ಪಿಕ್ಸೆಲ್ ಅಗಲದ ಫೋಟೊ 72ರ ಲೆಕ್ಕದಲ್ಲಿ ಎಂಟು ಇಂಚಿಗಿಂತ ತುಸು ಹೆಚ್ಚು ಹರಡುತ್ತದೆ, 300ರ ಲೆಕ್ಕದಲ್ಲಿ ಎರಡೇ ಇಂಚು. ಪಿಕ್ಸೆಲ್ ಎರಡರಲ್ಲೂ ಅದೇ 600. ಆದ್ದರಿಂದ ಡಿಪಿಐ ಹೇಳಬೇಡಿ, ಅಗಲ ಎಷ್ಟು ಪಿಕ್ಸೆಲ್, ಎತ್ತರ ಎಷ್ಟು ಪಿಕ್ಸೆಲ್ ಹೇಳಿ. ಕೈಯಲ್ಲಿ ಹಿಡಿದು ನೋಡುವ 4×6 ಇಂಚಿನ ಕಾರ್ಡಿಗೆ ಇಂಚಿಗೆ 300ರಂತೆ 1200×1800 ಪಿಕ್ಸೆಲ್ ಬೇಕು.

ಫೋಟೊಶಾಪ್‌ನಲ್ಲಿ ‘ರೀಸ್ಯಾಂಪಲ್’ ಟಿಕ್ ಮಾಡಿದರೆ ಪಿಕ್ಸೆಲ್ ನಿಜಕ್ಕೂ ಹೆಚ್ಚುತ್ತವೆ. ಹೇಗೆ? ಪ್ರತಿ ಪಿಕ್ಸೆಲ್ ಎಂದರೆ ಕೆಂಪು, ಹಸಿರು, ನೀಲಿಗೆ ತಲಾ ಒಂದು ಬೈಟ್, 0ಯಿಂದ 255ರವರೆಗೆ. ಅರಿಶಿನದ ಬಣ್ಣಕ್ಕೆ 255, 204, 0 ಎಂದುಕೊಂಡರೆ ಫೈಲು ತೆರೆದಾಗ ಮೆಮರಿಯಲ್ಲಿ ಕೂರುವುದು 11111111 11001100 00000000. ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳಲ್ಲಿ ಹಸಿರು 200 ಮತ್ತು 100 ಇದ್ದರೆ ಸಾಫ್ಟ್‌ವೇರ್ ನಡುವೆ ಸುಮಾರು 150 ತುರುಕುತ್ತದೆ. ಅಲ್ಲೊಂದು ರೆಪ್ಪೆಕೂದಲು ಇತ್ತೋ ಇಲ್ಲವೋ ಅದಕ್ಕೇನು ಗೊತ್ತು? ಎಐ ಆ್ಯಪ್‌ಗಳು ಕೂದಲನ್ನೂ ಬರೆದುಕೊಡುತ್ತವೆ. ಆದರೆ ಅದು ಊಹೆ. ಪುಣ್ಯಸ್ಮರಣೆಯ ಜಾಹೀರಾತಿನಲ್ಲಿ ತಾತ ಯಾರದೋ ಮನೆಯ ತಾತನಂತೆ ಕಂಡರೆ ನೋಡಿದವರೇ ಹೇಳಿಯಾರು.

ಪಿಕ್ಸೆಲ್ ಕಳೆದುಹೋಗುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ. ಮೊಬೈಲಿನ 4000×3000 ಫೋಟೊದಲ್ಲಿ 1.2 ಕೋಟಿ ಪಿಕ್ಸೆಲ್. ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದರೆ ಸಾಮಾನ್ಯವಾಗಿ 1600×1200ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ 19.2 ಲಕ್ಷ. ಆರು ಪಾಲಿನಲ್ಲಿ ಐದು ಪಾಲು ಹೋಯಿತು. ಅದರ ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಫಾರ್ವರ್ಡ್ ಮಾಡುವವರಿಗೆ ದೂರದಿಂದಲೇ ನಮಸ್ಕಾರ. ಪೇಪರ್ ಕ್ಲಿಪ್ಪಿನ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ ಕಳಿಸಿ. ಫೈಲು ಇದ್ದ ಹಾಗೇ ಬರುತ್ತದೆ.

ಸಂಘದ ಲೋಗೋ ಕಳಿಸುವವರಿಗೆ ಇನ್ನೊಂದು ಕಿರಿಕಿರಿ. ಹಳದಿಯ ಮೇಲೆ ಕೆಂಪು ಅಕ್ಷರವಿದ್ದರೆ ಒತ್ತಕ್ಷರದ ಸುತ್ತ ಕೊಳೆ ಮೆತ್ತಿದ ಹಾಗೆ ಕಾಣುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಸಾಡುತ್ತದೆ. ಬೆಳಕು-ನೆರಳನ್ನು ಜೋಪಾನವಾಗಿ ಇಟ್ಟರೂ ಬಣ್ಣದ ವಿವರವನ್ನು ಎಷ್ಟೋ ಸಲ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸುತ್ತದೆ. ಮುಖಕ್ಕೆ ಅದು ನಡೆಯುತ್ತದೆ, ಅಕ್ಷರದ ಅಂಚಿಗೆ ನಡೆಯದು. ಲೋಗೋ ಮಾಡಿದವರ ಹತ್ತಿರ ಸಿಡಿಆರ್ (ಕೋರೆಲ್ ಡ್ರಾ ಫೈಲು) ಅಥವಾ ಪಿಡಿಎಫ್ ಕೇಳಿ, ಅದಿಲ್ಲದಿದ್ದರೆ ವಿವರ ಬಿಸಾಡದ ದೊಡ್ಡ ಪಿಎನ್‌ಜಿ. ಜೆಪೆಗ್‌ನ್ನೇ ಪಿಎನ್‌ಜಿ ಮಾಡಿದರೆ ಕೊಳೆಯೂ ಜೊತೆಗೇ ಬರುತ್ತದೆ.

ಹಾಗಂತ ಎಲ್ಲಕ್ಕೂ 300 ಬೇಡ. ಹತ್ತು ಅಡಿ ಅಗಲದ ಫ್ಲೆಕ್ಸ್‌ಗೆ 4000 ಪಿಕ್ಸೆಲ್ ಹರಡಿದರೆ ಇಂಚಿಗೆ 33 ಬೀಳುತ್ತದೆ, ರಸ್ತೆಯ ಆಚೆಯಿಂದ ನೋಡುವವರಿಗೆ ಸಾಕು.

ತಾತನ ಫೋಟೊಗೆ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಬೇಡಿ. ಅದು 150 ಪಿಕ್ಸೆಲ್ ಅಗಲ ಇದ್ದರೆ ಹೆಚ್ಚು. ಬೀರುವಿನಲ್ಲಿ ಪಾಸ್‌ಪೋರ್ಟ್ ಸೈಜಿನ ಹಳೆಯ ಪ್ರಿಂಟ್ ಇದ್ದರೆ ಅದನ್ನೇ ತನ್ನಿ. 3.5 ಸೆಂಟಿಮೀಟರ್ ಅಗಲದ ಆ ಫೋಟೊವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 1650 ಪಿಕ್ಸೆಲ್ ಅಗಲ ಸಿಗುತ್ತದೆ. ಪ್ರಿಂಟ್ ಮಸುಕಾಗದೆ ಉಳಿದಿದ್ದರೆ ಗೋಡೆಗೆ ಹಾಕುವ ಎ3 ಫ್ರೇಮಿಗೆ ಅಡ್ಡಿಯಿಲ್ಲ. ಲ್ಯಾಮಿನೇಷನ್ ಮಾತ್ರ ಮಾಡಿಸಿ ತರಬೇಡಿ, ಸ್ಕ್ಯಾನರಿನ ಬೆಳಕು ಹೊಳೆಯುತ್ತದೆ.